ಅಪ್ಪನ ಕಿವಿಗೆ ಬಿದ್ದ ಏಳನೇ ಅಧ್ಯಾಯ

ಭಾನುವಾರ, ೯ ಅಕ್ಟೋಬರ್

ಮುದ್ದು ಚಿನಕುರಳಿಗೆ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತಾ? ಮೊದಲು ನನ್ನನ್ನು ಚೆನ್ನಾಗಿ ಬೈದುಬಿಡು, ಆಮೇಲೆ ಮುಂದೆ ಓದು. ನಿನ್ನ ಕಾದಂಬರಿಯ ಪ್ರೂಫ್ ತಿದ್ದುಪಡಿಯಾಗಿ ಹೋದ ವಾರವೇ ಪ್ರೆಸ್ಸಿಗೆ ವಾಪಸ್ ಹೋಗಬೇಕಿತ್ತು, ಇನ್ನೂ ಊಟದ ಮೇಜಿನ ಮೇಲೇ ಕೂತಿದೆ. ಪ್ರೆಸ್ಸಿನ ಯಜಮಾನರು ದಿನಾ ಫೋನ್ ಮಾಡಿ "ಮೆಷಿನ್ ಎಷ್ಟು ದಿನ ಅಂತ ಕಾಯಿಸಲಮ್ಮಾ?" ಅಂತಾರೆ. ನೀನೋ, ಅಪ್ಪನ ಟಿಕ್ ಬೀಳದೆ ಅಚ್ಚಿಗೆ ಹೋಗಕೂಡದು ಅಂತ ಹಟ ಹಿಡಿದಿದ್ದೀಯ. ಮಧ್ಯೆ ನಾನು ಸಿಕ್ಕಿಕೊಂಡು ಒದ್ದಾಡ್ತಾ ಇದ್ದೀನಿ.

ಫೋನಲ್ಲಿ ಹೇಳೋಣ ಅಂದರೆ ಅಪ್ಪ ಪಕ್ಕದಲ್ಲೇ ಇರ್ತಾರೆ. ಸ್ಟ್ರೋಕ್ ಆಗಿ ಆಸ್ಪತ್ರೆ ಸೇರಿ ಬಂದ ಮೇಲೆ ಮಾತು ಸರಿಹೋಯಿತು, ನಡಿಗೆ ಸರಿಹೋಯಿತು, ಓದು ಮಾತ್ರ ವಾಪಸ್ ಬರಲಿಲ್ಲ ಕಣೇ. ಕಣ್ಣಿಗೇನೂ ಆಗಿಲ್ಲ, ಮಿದುಳಿನಲ್ಲಿ ಆ ಜಾಗಕ್ಕೇ ಪೆಟ್ಟು ಬಿದ್ದಿದೆ ಅಂತಾರೆ ಡಾಕ್ಟರು. ಕೈ ಬರೆಯುತ್ತೆ, ಬರೆದದ್ದನ್ನು ಓದಿ ಅಂದರೆ ಪಿಳಿಪಿಳಿ ನೋಡ್ತಾರೆ. ಜೀವಮಾನವೆಲ್ಲ ಪ್ರೂಫ್ ನೋಡಿದ ಮನುಷ್ಯ! ಇದು ಹೀಗೇ ಉಳಿದುಬಿಟ್ಟರೆ ಗತಿ ಏನು ಅಂತ ಒಂದೇ ಯೋಚನೆ ನನಗೆ.

ನೀನು ಕಳಿಸಿದ ಆಡಿಯೋ ಪುಸ್ತಕಗಳ ವಿಷಯ ಕೇಳಿದ್ದೆಯಲ್ಲ. ಮೊದಲು ಆ ಇಯರ್‌ಫೋನ್ ಮುಟ್ಟಲೇ ಇಲ್ಲ. "ಕೇಳೋದೆಲ್ಲ ಓದಾಗುತ್ತಾ? ಹಾಗಾದರೆ ದಿನವೆಲ್ಲ ರೇಡಿಯೋ ಹಾಕೋ ಕ್ಷೌರದಂಗಡಿಯವನು ಮಹಾ ಪಂಡಿತ!" ಅಂತ ಗೊಣಗಿದರು. ಆಮೇಲೆ ನೋಡಿದರೆ ಬೆಳಗಿಂದ ಸಂಜೆ ತನಕ ಕಿವಿಯಲ್ಲೇ. ಸುಮ್ಮನೆ ಕೇಳ್ತಾ ಇದ್ದರು ಅಂದುಕೊಂಡೆಯಾ? ಓದುವವಳು ಉಸಿರೆಳೆದುಕೊಂಡಲ್ಲೆಲ್ಲ "ಕಾಮಾ!" ಅಂತ ಕೂಗ್ತಾ ಇದ್ದರು. ಮೊನ್ನೆ ಸಿಲಿಂಡರ್ ತಂದವನು ಬೆಚ್ಚಿಬಿದ್ದು "ಏನು ಸಾರ್?" ಅಂದ. ನಗು ಬಂತು, ಅದರ ಹಿಂದೆಯೇ ಅಳು ಬಂತು.

ನಾನೂ ಒಂದು ಕಿವಿಗೆ ಸಿಕ್ಕಿಸಿಕೊಂಡು ಕೇಳಿದೆ. ಆ ಹುಡುಗಿ ಚೆನ್ನಾಗೇ ಓದ್ತಾಳೆ, ಇಲ್ಲ ಅನ್ನಲ್ಲ. ಆದರೆ ಮಾತು ಸಿಟ್ಟಿಂದ ಬಂತೋ ದುಃಖದಿಂದ ಬಂತೋ, ಅವಳೇ ತೀರ್ಮಾನ ಮಾಡಿಬಿಡ್ತಾಳೆ. ಪುಸ್ತಕವಾದರೆ ಬೇಡದ್ದು ಬಂದಾಗ ಮುಚ್ಚಿಟ್ಟು, ಕಿಟಕಿ ಆಚೆ ನೋಡಿ, ಧೈರ್ಯ ಬಂದ ಮೇಲೆ ತೆಗೀಬಹುದು. ದನಿ ಕಾಯುತ್ತಾ? ನಾನು ಎರಡು ಪಾತ್ರೆ ತೊಳೆದು ಬರುವಷ್ಟರಲ್ಲಿ ಕಥೆಯಲ್ಲಿ ಒಬ್ಬರು ಸತ್ತೇ ಹೋಗಿದ್ದರು! "ನಿಲ್ಲಿಸೋಕೆ ಗುಂಡಿ ಇದೆಯಲ್ಲೇ" ಅಂತ ಅಪ್ಪ ರೇಗಿದರು. ಗುಂಡಿ ಒತ್ತೋ ಹೊತ್ತಿಗೆ ಕೇಳಬಾರದ್ದು ಕೇಳಿಯಾಗಿರುತ್ತೆ.

ಕೊನೆಗೆ ನಿನ್ನ ಪುಸ್ತಕಕ್ಕೆ ನಮ್ಮ ಹಳೇ ಪದ್ಧತಿಗೇ ಬಂದೆವು. ನಿನಗೆ ಗೊತ್ತಲ್ಲ, ನಾನು ಕಾಮಾ, ಫುಲ್‌ಸ್ಟಾಪ್ ಸಮೇತ ಗಟ್ಟಿಯಾಗಿ ಓದೋದು, ಅವರು ತಿದ್ದೋದು. ಈಗ ಪೆನ್ನೂ ನನ್ನ ಕೈಗೇ ಬಂದಿದೆ. ಅವರು ಕಣ್ಣು ಮುಚ್ಚಿ ಕೇಳ್ತಾರೆ. ಒಂದು ಪದ ಎರಡು ಸಲ ಬಂದರೆ ಥಟ್ಟನೆ ಕೈ ಎತ್ತುತ್ತಾರೆ. "ಪರವಾಗಿಲ್ಲ, ಬರೀತಾಳೆ ನಮ್ಮವಳು" ಅಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ನಿನ್ನೆ ಪೂರ್ತಿ ಮುಗಿಯಿತು. ಆದರೂ ಪ್ರೆಸ್ಸಿಗೆ ಕೊಟ್ಟುಬರೋಕೆ ನನಗೆ ಕಾಲೇ ಬರ್ತಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿದ್ದೆಗೆಡಬೇಡ. ನಿನ್ನ ಪುಸ್ತಕ ನಾಲ್ಕು ಜನರ ಕೈ ಸೇರಲಿ, ನೀನು ನೂರು ವರ್ಷ ಬರೀತಾ ಇರು.

ನಿನ್ನ
ಅಮ್ಮ

ತಾ.ಕ.: ಬರೆಯದೆ ಲಕೋಟೆ ಅಂಟಿಸೋಣ ಅಂತಿದ್ದೆ, ಆಗಲಿಲ್ಲ. ಏಳನೇ ಅಧ್ಯಾಯದಲ್ಲಿ ಒಬ್ಬ ಅಪ್ಪ ಬರ್ತಾನಲ್ಲ, ಮಗಳು ಹಾಸ್ಟೆಲಿನಿಂದ ಅತ್ತುಕೊಂಡು ಬರೆದ ಕಾಗದಗಳಿಗೆ ಉತ್ತರ ಬರೆಯದೆ, ಬರೀ ತಪ್ಪಿಗೆ ಕೆಂಪು ಗುರುತು ಹಾಕಿ ವಾಪಸ್ ಕಳಿಸೋನು. ಯಾರು ಅಂತ ನೀನು ನನಗೆ ಹೇಳಬೇಕಾ? ಆ ಪುಟ ಬಂದಾಗ ನಾನು ಹಾರಿಸಿಬಿಟ್ಟೆ. ಅವರ ಕಿವಿ ಬಿಟ್ಟೀತೇ! "ಸಾಲು ಕೂಡ್ತಾ ಇಲ್ಲ. ಏನೋ ಬಿಟ್ಟೆ. ಓದು" ಅಂದರು. ಓದಿದೆ. ಒಬ್ಬರೇ ಓದಿಕೊಂಡಿದ್ದರೆ ಪುಟವನ್ನಾದರೂ ಮುಖಕ್ಕೆ ಅಡ್ಡ ಹಿಡೀಬಹುದಿತ್ತು. ನನ್ನೆದುರಿಗೆ, ನನ್ನ ಬಾಯಿಂದಲೇ ಕೇಳಬೇಕಾಯಿತು. "ಇನ್ನೊಂದು ಸಲ" ಅಂದರು. ಮತ್ತೆ ಓದಿದೆ. "ಒಂದಕ್ಷರ ಬದಲಾಯಿಸಕೂಡದು" ಅಂತ ಪೆನ್ನು ಕಿತ್ತುಕೊಂಡು ತಾವೇ ಟಿಕ್ ಹಾಕಿದರು. ಆಮೇಲಿಂದ ಇಯರ್‌ಫೋನ್ ಮುಟ್ಟಿಲ್ಲ. ನನಗೆ ಭಯವಾಗ್ತಿದೆ ಮಗಳೇ.

ಇವತ್ತು ಬೆಳಿಗ್ಗೆ ಬಾಗಿಲು ಹಾಕಿಕೊಂಡು ಕೂತು ನಿನಗೊಂದು ಕಾಗದ ಬರೆದರು. ಏನು ಬರೆದಿದ್ದಾರೆ ಅಂತ ಅವರಿಗೇ ಓದೋಕೆ ಬರಲ್ಲ. ನನ್ನ ಕೈಗಿಟ್ಟು "ತಪ್ಪಿದ್ದರೆ ತಿದ್ದಿ ಕಳಿಸು" ಅಂದರು. ಸಾಲು ಸಾಲಿಗೂ ತಪ್ಪಿದೆ. ನಾನು ಒಂದನ್ನೂ ತಿದ್ದಿಲ್ಲ, ಇದರ ಜೊತೆಗೇ ಇಟ್ಟಿದ್ದೀನಿ. ಪ್ರೂಫ್ ನಾಳೆ ಕೊಟ್ಟುಬರ್ತೀನಿ. ನೀನು ಅವರಿಗೆ ಉತ್ತರ ಬರೀಬೇಡ, ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿ ಕಳಿಸು. ಎಷ್ಟು ಉದ್ದವಿದ್ದರೂ ಸರಿ, ಕೇಳ್ತಾರೆ.