ಮೂರು ಗೀಟಿನ ನಾನೂರ ಇಪ್ಪತ್ತೊಂದು

ಅಕ್ಟೋಬರ್ 4, 2012

ನನ್ನ ಅಸಿಸೌನ್,

ಊರಿನವರು ಬೇಟೆಯಾಡಿದ ತಿಮಿಂಗಿಲದ ಪಾಲು ಹಂಚಿದ ಸುದ್ದಿಯಿಂದಲೇ ಹಾಳೆ ತುಂಬಿಸಿ, ಹೇಳಲೇಬೇಕಾದ ಮಾತನ್ನು ಬಿಟ್ಟು ಮುಗಿಸುವವಳಿದ್ದೆ. ಫೋನಿನಲ್ಲಿ ಮೂರು ಸಲ ಹಾಗೆಯೇ ಮಾಡಿದ್ದೇನೆ. ನಿನ್ನ ಹನ್ನೆರಡನೆಯ ವಯಸ್ಸಿನ ಗಣಿತ ಪರೀಕ್ಷೆಯಲ್ಲಿ ಆ ಕೆಂಪು ತಪ್ಪು ಗುರುತು ಹಾಕಿದ್ದು ರಸ್ಕ್ ಮೇಷ್ಟ್ರಲ್ಲ. ನಾನು.

ಅವರಿಗೆ ಜ್ವರ ಬಂದಿತ್ತು. ಶಾಲೆಯ ಸಹಾಯಕಿಯಾಗಿದ್ದ ನನಗೆ ತಿದ್ದಲು ಉತ್ತರಪತ್ರಿಕೆಗಳ ಕಟ್ಟು ಕಳಿಸಿದ್ದರು. ಎರಡೂ ಕಡೆಯಿಂದ ಓದಿದರೂ ಒಂದೇ ಆಗಿರುವ, ಒಂದರಿಂದ ಮತ್ತು ತನ್ನಿಂದ ಮಾತ್ರ ಭಾಗವಾಗುವ ಮೂರಂಕಿಯ ಸಂಖ್ಯೆ ಬರೆಯಿರಿ ಎಂಬುದು ಕೊನೆಯ ಪ್ರಶ್ನೆ. ಉಳಿದ ಮಕ್ಕಳು ನೂರೊಂದು ಎಂದಿದ್ದರು. ನೀನು, ಆ ವರ್ಷವಷ್ಟೇ ಕಲಿತಿದ್ದ ನಮ್ಮ ಜನ ಹತ್ತರ ಬದಲು ಇಪ್ಪತ್ತಿಪ್ಪತ್ತರಲ್ಲಿ ಎಣಿಸುವ ಅಂಕಿಗಳಲ್ಲಿ ಮೂರು ನೆಟ್ಟ ಗೀಟು ಎಳೆದು, ಕೆಳಗೆ ಪುಟ್ಟದಾಗಿ 421 ಎಂದು ಬರೆದಿದ್ದೆ. ಒಂದು ನಾನೂರು, ಒಂದು ಇಪ್ಪತ್ತು, ಒಂದು.

ಪರೀಕ್ಷೆಯಂದು ಸಂಜೆ ನೀನು ಅಜ್ಜಿಯ ಮುಂದೆ ಕೊಚ್ಚಿಕೊಂಡಿದ್ದೆ: "ಹತ್ತರಲ್ಲಿ ಬರೆದ್ರೆ ತಿರುಗಿಸಿ ಓದಿದಾಗ 124 ಆಗುತ್ತೆ ಅಜ್ಜಿ, ಇಪ್ಪತ್ತರಲ್ಲಿ ಯಾವ ಕಡೆಯಿಂದ ನೋಡಿದ್ರೂ ಅದೇ! ಆದ್ರೆ ಭಾಗ ಮಾಡೋಕೆ ಮಾತ್ರ ಎರಡರಲ್ಲೂ ಆಗಲ್ಲ." ಅಜ್ಜಿ ಸೀಲ್ ಚರ್ಮ ಹೊಲಿಯುತ್ತಲೇ ನಕ್ಕಿದ್ದಳು: "ಬಿಳಿಯರು ಬೂಟು ಬಿಚ್ಚೋಕೆ ಸೋಮಾರಿಗಳು ಕಣೇ, ಕಾಲ್ಬೆರಳು ಇರೋದೇ ಅವ್ರಿಗೆ ಗೊತ್ತಿಲ್ಲ. ಅದಕ್ಕೇ ಹತ್ತಕ್ಕೇ ಸುಸ್ತಾಗಿಬಿಟ್ರು!"

ಎಲ್ಲವನ್ನೂ ಕೇಳಿಸಿಕೊಂಡು, ಸರಿಯೆಂದು ತಿಳಿದೂ, ಮರುದಿನ ಅಡ್ಡಗೀಟು ಎಳೆದೆ. ವಾರದ ನಂತರ ಬಂದ ರಸ್ಕ್ ನಿನ್ನ ಹಾಳೆ ಹಿಡಿದು ನಿಂತರು. "ಪುಯುಕ್, ನಿಮ್ಮ ಲೆಕ್ಕದಲ್ಲಿ ಇದು ಸರಿ ಇರಬಹುದೇನ್ರೀ? ನನಗೆ ಓದೋಕೆ ಬರಲ್ಲ ನೋಡಿ." ನಾನೆಂದೆ: "ಅದೆಲ್ಲ ಮಕ್ಕಳಾಟ ಬಿಡಿ ಸಾರ್."

ಆ ಒಂದು ಅಂಕಕ್ಕೆ ಬೇಸಿಗೆಯ ವಿಜ್ಞಾನ ಶಿಬಿರ ನಿನ್ನ ಕೈತಪ್ಪಿತು. ನೀನು ಅತ್ತಾಗ, ಆ ಬಿಳಿಯನಿಗೆ ನಮ್ಮದೇನು ಗೊತ್ತು ಎಂದು ತಲೆ ಸವರಿದೆ. ನೀನು ನಂಬಿದೆ. ಗಣಿತದ ಪುಸ್ತಕವನ್ನು ಮತ್ತೆ ಮುಟ್ಟಲಿಲ್ಲ.

ನಾನು ಓದಿದ ಇಂಗ್ಲಿಷ್ ವಸತಿ ಶಾಲೆಯಲ್ಲಿ ಇಪ್ಪತ್ತರಲ್ಲಿ ಎಣಿಸಿದವರನ್ನು ದಡ್ಡರ ಬೆಂಚಿಗೆ ಕಳಿಸುತ್ತಿದ್ದರು. ನಾನೂ ಅಲ್ಲಿ ಕುಳಿತವಳೇ. ಇದನ್ನು ಕಾರಣವೆಂದು ಬರೆದು ಎರಡು ಸಲ ಹೊಡೆದುಹಾಕಿದೆ. ಕಾರಣ ಹೌದೇನೋ. ಆದರೆ ನನಗೆ ಬಾರದ ಧೈರ್ಯ ನಿನಗೆ ಅಷ್ಟು ಸುಲಭವಾಗಿ ಬಂದದ್ದು ನನ್ನನ್ನು ಚುಚ್ಚಿತೇ? ಅದನ್ನೂ ಕೇಳಿಕೊಳ್ಳಬೇಕು.

ರಸ್ಕ್ ಈಗ ನಿಮ್ಮ ಪಟ್ಟಣದ ಶಾಲೆಗೆ ಮುಖ್ಯೋಪಾಧ್ಯಾಯರಾಗಿ ಬರುತ್ತಿದ್ದಾರೆ, ಹನ್ನೆರಡನೇ ತಾರೀಖಿನ ಸಭೆಯಲ್ಲಿ ಆ ಹಾಳೆ ತೋರಿಸಿಯೇ ಅವರನ್ನು ತಡೆಯುತ್ತೇನೆ ಎಂದು ಬರೆದಿದ್ದೀಯ. ತೋರಿಸಬೇಡ. ಆ ಮನುಷ್ಯ ಕೇಳಿದ್ದರು. ಸುಳ್ಳು ಹೇಳಿದವಳು ನಾನು.

ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ.

ನಿನ್ನ ತಾಯಿ,
ಪುಯುಕ್

ಇನ್ನೊಂದು: ರಸ್ಕ್ ಬೇಡವೆಂಬ ನಿನ್ನ ಅರ್ಜಿ ಮೊನ್ನೆ ನಮ್ಮೂರಿಗೂ ಬಂತು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಮೊದಲ ಸಹಿ ನನ್ನದು. ಅಂಚೆಯ ವಿಮಾನ ಬರುವುದು ಮಂಗಳವಾರ ಮಾತ್ರ. ಈ ಪತ್ರವನ್ನು ಒಂಬತ್ತನೇ ತಾರೀಖಿಗೆ ಹಾಕಿದರೆ ಸಭೆಗೆ ಮೊದಲೇ ನಿನ್ನ ಕೈಸೇರುತ್ತದೆ. ನಾನು ಹಾಕುವುದು ಅಕ್ಟೋಬರ್ ಹದಿನಾರಕ್ಕೆ.