ಬಿಲ್ವದ ಮರಕ್ಕೆ ಹಾಕಿದ ಓಟು

ಒಂಟಿಕೊಪ್ಪಲ್, ಮೈಸೂರು
೨-೧೨-೨೦೦೧

ಪ್ರೀತಿಯ ತಮ್ಮ ಅಮರೇಶನಿಗೆ ನಿನ್ನ ಅಕ್ಕ ಮಾಡುವ ಆಶೀರ್ವಾದ.

ಕೆಮ್ಮು ಹೋಯಿತೇ? ಕಾಳುಮೆಣಸಿನ ಕಷಾಯ ಬಿಡಬೇಡ. ನಾನು ಚೆನ್ನಾಗಿದ್ದೇನೆ. ಚೆನ್ನಾಗಿ ಅಂದರೆ, ಆರು ತಿಂಗಳ ಮೇಲೆ ನಿನ್ನೆ ಹೊಟ್ಟೆ ತುಂಬ ಉಂಡೆ. ಪುಟ್ಟಸ್ವಾಮಿ ಸೋತ! ನಮ್ಮ ವಾರ್ಡಿನ ಮೆಂಬರು, ಎದುರು ಛತ್ರದ ಯಜಮಾನ, ಮಣ್ಣುಮುಕ್ಕಿದ. ಅವ್ವ ನೆಟ್ಟ ಬಿಲ್ವದ ಮರ ತನ್ನ ಛತ್ರದ ಬೋರ್ಡಿಗೆ ಅಡ್ಡ ಅಂತ, ನಾನು ನಂಜನಗೂಡಿಗೆ ಹೋದ ದಿನ ನೋಡಿಕೊಂಡು ನಮ್ಮ ಕಾಂಪೌಂಡಿನೊಳಗೇ ನುಗ್ಗಿ ಕಡಿಸಿದವನು. ಸಾಯುವ ದಿನ ಬೆಳಿಗ್ಗೆಯೂ ಅವ್ವ ಅದರದೇ ಪತ್ರೆ ಇಟ್ಟು ಲಿಂಗಪೂಜೆ ಮಾಡಿದ್ದಳು. ನಾನು ಫೋನಿನಲ್ಲಿ ಅತ್ತಾಗ ನೀನು "ಹೋಗ್ಲಿ ಬುಡಕ್ಕ, ಮರ ತಾನೆ" ಅಂದೆ. ದೂರ ಇರುವವನಿಗೆ ಏನು ಗೊತ್ತಾಗುತ್ತದೆ ಅಂತ ಫೋನಿಟ್ಟೆ. ಅವನನ್ನು ಕೇಳಲು ಹೋದರೆ "ಒಂದು ಮರಕ್ಕೆ ಇಷ್ಟು ರಂಪ ಯಾಕಮ್ಮ ಮಾಡ್ತೀರಿ?" ಅಂದ. ಅವತ್ತೇ ಹಲ್ಲು ಕಚ್ಚಿಕೊಂಡೆ.

ಎಲೆಕ್ಷನ್ನಿಗೆ ಹಸಿರು ಪಕ್ಷದಿಂದ ರಾಮಸ್ವಾಮಿ ಮೇಷ್ಟ್ರು ನಿಂತರು. ಪಾಪ, ಓಜೋನ್ ಪದರ ತೂತಾಗಿದೆ ಅಂತ ಮನೆಮನೆಗೂ ಹೇಳಿಕೊಂಡು ಬಂದರು. ನನಗೇನು ಗೊತ್ತು ಓಜೋನು? "ಪುಟ್ಟಸ್ವಾಮಿ ಸೋಲ್ತಾನಾ, ಅಷ್ಟು ಹೇಳಿ ಮೇಷ್ಟ್ರೇ" ಅಂದೆ. ಆ ಮರದ ಪತ್ರೆ ಕೊಯ್ಯುತ್ತಿದ್ದ ಪ್ರತಿ ಮನೆಗೂ ಹೋದೆ. ಈಗ ಸೋಮವಾರ ಬಂದರೆ ಪತ್ರೆಗೆ ಮಾರ್ಕೆಟ್ಟಿಗೆ ಓಡುವ ಹೆಂಗಸರಿಗೆ ಹೆಚ್ಚು ಹೇಳಬೇಕಾಗಲಿಲ್ಲ. ಪುಟ್ಟಸ್ವಾಮಿಯೂ ಹಾಲಿನ ಬಟ್ಟಲು ಹಿಡಿದು ಬಂದ, ಮುಟ್ಟಿ ಆಣೆ ಮಾಡಿ ಅಂತ. ಅವಸರದಲ್ಲಿ ಅವನು ಹೇಳಿಕೊಟ್ಟದ್ದು "ಪುಟ್ಟಸ್ವಾಮೀನ ಮರೆಯಲ್ಲ ಅನ್ನಿ" ಅಂತ! ಓಟು ಹಾಕ್ತೀನಿ ಅನ್ನಿಸಲೇ ಇಲ್ಲ, ಪೆದ್ದ. ಬೀದಿಯ ಹೆಂಗಸರೆಲ್ಲ ನಗು ತಡೆದುಕೊಂಡು ಹಾಲು ಮುಟ್ಟಿದೆವು. ಆಣೆಗೆ ತಪ್ಪಲಿಲ್ಲ ಕಣೋ, ಒಬ್ಬಳೂ ಮರೆಯಲಿಲ್ಲ.

ಗೆದ್ದ ಮೇಲೆ ಮೇಷ್ಟ್ರು, ಜನರಿಗೆ ಪರಿಸರ ಪ್ರಜ್ಞೆ ಬಂದಿದೆ ಅಂತ ಭಾಷಣ ಮಾಡಿದರು. ಪ್ರಜ್ಞೆಯಲ್ಲ ಸ್ವಾಮಿ, ಹೊಟ್ಟೆಯುರಿ ಅನ್ನೋಣ ಅನ್ನಿಸಿತು. ಸಂಜೆ ಬೀದಿಗೆಲ್ಲ ಹೋಳಿಗೆ ಹಂಚಿದೆ. ಪುಟ್ಟಸ್ವಾಮಿ ಮನೆಗೂ ಎರಡು ಕೊಟ್ಟು, ತುಪ್ಪ ಹಾಕಿಕೊಂಡು ತಿನ್ನಿ ಅಂತ ಹೇಳಿ ಬಂದೆ.

ಮಕ್ಕಳಿಗೆ ಮುತ್ತು. ಮೈ ಕಡೆ ಜೋಪಾನ. ಅವ್ವ ಎಲ್ಲಿದ್ದರೂ ನಮ್ಮಿಬ್ಬರನ್ನೂ ಕಾಯಲಿ.

ನಿನ್ನ ಅಕ್ಕ,
ಪ್ರೇಮಲೀಲಾ

ತಾ.ಕ.: ಲಕೋಟೆ ಅಂಟಿಸುವ ಹೊತ್ತಿಗೆ ಮೇಷ್ಟ್ರು ಬಂದು, ಮರ ಕಡಿಯಲು ಅನುಮತಿ ಕೊಟ್ಟ ಫೈಲಿನ ಜೆರಾಕ್ಸ್ ಕೊಟ್ಟು ಹೋದರು. "ಮನೆ ಮಾಲೀಕರ ಒಪ್ಪಿಗೆ ಇದೆ" ಎಂದು ಬರೆದದ್ದರ ಕೆಳಗೆ ಸಹಿ ನಿನ್ನದು. ನಿನಗೆ ಅಕ್ಷರ ತಿದ್ದಿಸಿದವಳು ನಾನು, ಗುರುತು ಸಿಗದೆ ಇರುತ್ತದೆಯೇ? ದೀಪಾವಳಿಗೆ ಬಂದಾಗ ಮನೆ ಮಾರೋಣ, ಕಾಗದಕ್ಕೆ ನಿನ್ನದೂ ಸಹಿ ಬೇಕಕ್ಕ ಅಂದಿದ್ದೆಯಲ್ಲ. ನನಗೆ ಬಲಗೈ ನೋವು ತಮ್ಮಾ. ಈ ಜನ್ಮದಲ್ಲಿ ವಾಸಿಯಾಗುವಂಥದ್ದಲ್ಲ.