ಗಂಗಮ್ಮನ ಮೂಗು ಮತ್ತು ಮುಂದಿನ ಪುಸ್ತಕ

ಶಿವಾರಪಟ್ಟಣ

ಸೊಸೆ ಸರಳಾಗೆ ಅತ್ತೆಯ ಆಶೀರ್ವಾದ.

ಗುಡಿಗೆಂದು ಕೆತ್ತಿಸುತ್ತಿರುವ ಗಂಗಮ್ಮನಿಗೆ ಮೂಗುತಿ ತಂದಿದ್ದೇನೆ, ಮೂಗೇ ಇನ್ನೂ ಆಗಿಲ್ಲ. ಇಲ್ಲಿ ಶಿಲ್ಪಿ ಅಪ್ಪಾಜಪ್ಪನವರು ಕೆತ್ತುತ್ತಿದ್ದರೆ ಅವರ ಹೆಂಡತಿ ಪಕ್ಕದಲ್ಲಿ ಕೂತು ಗಟ್ಟಿಯಾಗಿ ಕಾದಂಬರಿ ಓದುತ್ತಾರೆ. ಈಗ ಓದುತ್ತಿರುವುದು ನಮ್ಮ ಜಗಲಿಯಲ್ಲಿ ಓದೋಣವೆಂದು ನೀನು ಕೇಳಿ ನಾನು ಬೇಡವೆಂದಿದ್ದ ಅದೇ ಪತ್ತೇದಾರಿ. ಕೊಲೆಯ ಪುಟ ಬಂದರೆ ಉಳಿ ಕೆಳಗಿಡುವುದು ಇವರ ಪದ್ಧತಿ. ಕೈ ನಡುಗಿ ಚಕ್ಕೆ ಎದ್ದರೆ ವಿಗ್ರಹ ಪೂಜೆಗೆ ಬಾರದು. ತಡವೇಕೆಂದು ಅಪ್ಪಾಜಪ್ಪನವರನ್ನು ಗದರಿದೆ.

“ಕೊಲೆಗಾರ ಸಿಕ್ಕೋವರ್ಗೂ ಗಂಗಮ್ಮಂಗೆ ಮೂಗಿಲ್ಲ ಕಣಮ್ಮ. ನೀವೂ ಕೂತ್ಕೊಂಡು ಕೇಳಿ” ಅಂದರು. ಕೂತೆ. ನನಗೆ ಕಥೆಯಲ್ಲಿರುವ ಅಡುಗೆಯವನ ಮೇಲೆಯೇ ಅನುಮಾನ.

ಕಲ್ಲಿನ ಧೂಳಿಗೆ ಸ್ವಲ್ಪ ಕೆಮ್ಮಿದೆ. ಶುಂಠಿ ಕಷಾಯ ಕುಡಿಯುತ್ತಿದ್ದೇನೆ, ಗಾಬರಿ ಬೇಡ.

ನಮ್ಮ ಜಗಲಿಯ ಓದಿನಲ್ಲಿ ಪುರಾಣ ಮುಗಿದ ಕೂಡಲೇ ಆ ಪತ್ತೇದಾರಿಯನ್ನೇ ಶುರು ಮಾಡಿ. ಇದು ನನ್ನ ತೀರ್ಮಾನ, ನೀನು ಗೆದ್ದೆ ಅಂದುಕೊಳ್ಳಬೇಡ. ಉಪ್ಪಿನಕಾಯಿಗೆ ಮಾವು ಹೆಚ್ಚುತ್ತಾ ಕೇಳುವವರು ಕೊಲೆಯ ಪುಟದಲ್ಲಿ ಈಳಿಗೆಮಣೆ ಬಿಟ್ಟು ಏಳಬೇಕು. ಬೆರಳಿಗಿಂತ ಕಥೆ ದೊಡ್ಡದಲ್ಲ.

ಪುಸ್ತಕ ಮುಗಿಯದೆ ನಾನು ಇಲ್ಲಿಂದ ಹೊರಡುವುದಿಲ್ಲ. ಮೂಗಿರುವ ಗಂಗಮ್ಮನೊಡನೆ ಬರುತ್ತೇನೆ. ಕೊಲೆಗಾರ ಯಾರೆಂದು ಯಾರೂ ಕೇಳಕೂಡದು, ನಾನು ಹೇಳುವುದಿಲ್ಲ.

ಕಾಗದದಲ್ಲಿ ಜಾಗ ಮುಗಿಯಿತು.
ನಿನ್ನ ಅತ್ತೆ, ಚಿಕ್ಕವೆಂಕಟಮ್ಮ